1,600 ಕೋಟಿ ಪಾಸ್‌ವರ್ಡ್ ಸೋರಿದೆಯಂತೆ, ಅದರಲ್ಲಿ ನಿಮ್ಮದೆಷ್ಟು?

2025ರ ಜೂನ್‌ನಲ್ಲಿ ಒಂದು ಸಂಖ್ಯೆ ಎಲ್ಲರ ಫೋನಿಗೂ ಬಂದು ಬಿತ್ತು. 1,600 ಕೋಟಿ ಲಾಗಿನ್ ಮಾಹಿತಿ ಸೋರಿದೆ, ಗೂಗಲ್, ಆಪಲ್, ಫೇಸ್‌ಬುಕ್ ಯಾವುದೂ ಉಳಿದಿಲ್ಲ, ಈಗಲೇ ಪಾಸ್‌ವರ್ಡ್ ಬದಲಾಯಿಸಿ ಅಂತ. ಭೂಮಿಯ ಮೇಲಿರುವ ಜನರೇ 800 ಕೋಟಿ ಚಿಲ್ಲರೆ. ಅಂದರೆ ಹಸುಗೂಸುಗಳನ್ನೂ ಸೇರಿಸಿ ತಲೆಗೆ ಎರಡರಂತೆ ಹೋಗಿವೆ ಅಂತಾಯಿತು! ಅಷ್ಟರಲ್ಲೇ ಗೂಗಲ್ ಹೇಳಿತು, ನಮ್ಮಲ್ಲಿ ಕಳವು ಆಗಿಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ಅದೇ ಕಥೆ. ಈ ಸಲ 18 ಕೋಟಿ 30 ಲಕ್ಷ ಜಿಮೇಲ್ ಪಾಸ್‌ವರ್ಡ್ ಅಂದರು, ಗೂಗಲ್ ಮತ್ತೆ ಇಲ್ಲ ಅಂದಿತು.

ಓದುವವರು ಯಾರನ್ನು ನಂಬಬೇಕು? ತಮಾಷೆ ಏನೆಂದರೆ ಪಾಸ್‌ವರ್ಡ್ ಸೋರಿದೆ ಅಂದವರೂ ಸುಳ್ಳು ಹೇಳುತ್ತಿರಲಿಲ್ಲ, ನಮ್ಮಿಂದ ಸೋರಿಲ್ಲ ಅಂದವರೂ ಸುಳ್ಳು ಹೇಳುತ್ತಿರಲಿಲ್ಲ. ಎರಡೂ ಹೇಗೆ ನಿಜ ಅನ್ನುವುದು ಗೊತ್ತಾದರೆ, ನಮ್ಮ ಹೆಸರಿನಲ್ಲಿ ಬೇರೆಯವರು ಬದುಕುವುದನ್ನು ಎಲ್ಲಿ ತಡೆಯಬಹುದು ಅನ್ನುವುದೂ ಗೊತ್ತಾಗುತ್ತದೆ.

ಆ ಸಂಖ್ಯೆಯೊಳಗೆ ಏನಿತ್ತು

ಜೂನ್‌ನ ಸುದ್ದಿ ಹೊರಟಿದ್ದು ಸೈಬರ್‌ನ್ಯೂಸ್ ಅನ್ನುವ ತಾಣದಿಂದ. ಅವರ ಸಂಶೋಧಕರಿಗೆ ಇಂಟರ್ನೆಟ್‌ನಲ್ಲಿ ಕಾವಲಿಲ್ಲದೆ ಬಿದ್ದಿದ್ದ 30 ಡೇಟಾ ರಾಶಿಗಳು ಸಿಕ್ಕಿದ್ದವು. ಒಂದರಲ್ಲಿ ಕೆಲವು ಕೋಟಿ ಸಾಲು, ದೊಡ್ಡದರಲ್ಲಿ 350 ಕೋಟಿಗೂ ಜಾಸ್ತಿ. ಎಲ್ಲವನ್ನೂ ಕೂಡಿಸಿದಾಗ 1,600 ಕೋಟಿ ಆಯಿತು. ಆದರೆ ಒಂದು ರಾಶಿಯಲ್ಲಿದ್ದದ್ದೇ ಇನ್ನೊಂದರಲ್ಲೂ ಇತ್ತು. ಒಂದೇ ಮದುವೆಗೆ ಹುಡುಗಿ ಕಡೆಯವರೊಂದು, ಹುಡುಗನ ಕಡೆಯವರೊಂದು ಅತಿಥಿಗಳ ಪಟ್ಟಿ ಮಾಡಿ, ಎರಡನ್ನೂ ಕೂಡಿಸಿ ಎಲೆ ಹಾಕಿಸಿದ ಹಾಗೆ. ಇಬ್ಬರ ಪಟ್ಟಿಯಲ್ಲೂ ಇರುವವರಿಗೆ ಎರಡೆರಡು ಎಲೆ.

ಅಕ್ಟೋಬರ್‌ನ ರಾಶಿಯನ್ನು ಸ್ವಲ್ಪ ಚೆನ್ನಾಗಿ ಜಾಲಿಸಿ ನೋಡಿದ್ದಾರೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಿಂದ ನಡೆಸುತ್ತಿರುವ, ನಮ್ಮ ಮಾಹಿತಿ ಸೋರಿದೆಯಾ ಅಂತ ಹುಡುಕಿ ನೋಡುವ 'ಹ್ಯಾವ್ ಐ ಬೀನ್ ಪೌನ್ಡ್' ತಾಣದಲ್ಲಿ ಅದನ್ನು ಸೇರಿಸಿದಾಗ, 18 ಕೋಟಿ 30 ಲಕ್ಷ ಇಮೇಲ್ ವಿಳಾಸಗಳಲ್ಲಿ ಹತ್ತರಲ್ಲಿ ಒಂಬತ್ತು ಆ ತಾಣಕ್ಕೆ ಮೊದಲೇ ಗೊತ್ತಿದ್ದವು. ಹೊಸದಾಗಿ ಕಂಡವು ಸುಮಾರು 1 ಕೋಟಿ 64 ಲಕ್ಷ. ಇದೂ ಸಣ್ಣ ಸಂಖ್ಯೆ ಏನಲ್ಲ, ಆದರೆ ತಲೆಬರಹದ ಸಂಖ್ಯೆಗೂ ಇದಕ್ಕೂ ಅಜಗಜಾಂತರ. ಅವೆಲ್ಲ ಜಿಮೇಲ್ ವಿಳಾಸಗಳೂ ಆಗಿರಲಿಲ್ಲ.

ಕಂಪನಿಯ ಸರ್ವರ್‌ನಿಂದ ಕದ್ದಿಲ್ಲ ಅಂದರೆ ಇಷ್ಟೆಲ್ಲ ಬಂದದ್ದು ಎಲ್ಲಿಂದ? ಜಾಸ್ತಿ ಪಾಲು ಬಂದದ್ದು ಜನರ ಸ್ವಂತ ಕಂಪ್ಯೂಟರ್‌ಗಳಿಂದ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ

ಈ ರಾಶಿಗಳಲ್ಲಿ ಒಂದೊಂದು ಸಾಲಿಗೂ ಮೂರೇ ಭಾಗ. ಯಾವ ವೆಬ್‌ಸೈಟಿನ ಲಾಗಿನ್ ಪುಟ, ಯಾವ ಇಮೇಲ್, ಯಾವ ಪಾಸ್‌ವರ್ಡ್. ಪಾಸ್‌ವರ್ಡ್ ಇರುವುದು ನೀವು ಟೈಪ್ ಮಾಡಿದ ಹಾಗೆಯೇ, ಅಕ್ಷರಕ್ಕೆ ಅಕ್ಷರ. ಇದೇ ಇಲ್ಲಿರುವ ಸುಳಿವು. ಸ್ವಲ್ಪ ಜವಾಬ್ದಾರಿ ಇರುವ ಕಂಪನಿ ಯಾವುದೂ ಪಾಸ್‌ವರ್ಡನ್ನು ಹಾಗೇ ಬರೆದಿಡುವುದಿಲ್ಲ, ಗಣಿತದ ಒಂದು ಸೂತ್ರಕ್ಕೆ ಹಾಕಿ ಗುರುತೇ ಸಿಗದಂತೆ ಅರೆದು ಇಡುತ್ತದೆ. ಸರ್ವರ್ ದೋಚಿದವನಿಗೆ ಸಿಗುವುದು ಆ ಹಿಟ್ಟು, ಕಾಳಲ್ಲ. ಸಾವಿರಾರು ಬೇರೆ ಬೇರೆ ಸೈಟ್‌ಗಳ ಪಾಸ್‌ವರ್ಡ್ ಇಡೀ ಕಾಳಾಗಿಯೇ ಸಿಕ್ಕಿವೆ ಅಂದರೆ, ಅವನ್ನು ಅರೆಯುವ ಮೊದಲೇ ಎತ್ತಿದ್ದಾರೆ ಅಂತ ಅರ್ಥ.

ಎತ್ತುವ ಪ್ರೋಗ್ರಾಂಗಳಿಗೆ ಇನ್ಫೋಸ್ಟೀಲರ್ ಅನ್ನುತ್ತಾರೆ. ರೆಡ್‌ಲೈನ್, ಲುಮ್ಮಾ ಇವುಗಳಲ್ಲಿ ಹೆಸರು ಮಾಡಿದವು. ಬ್ರೌಸರ್ 'ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲಾ?' ಅಂತ ಕೇಳಿದಾಗೆಲ್ಲ ಹೂಂ ಅಂದಿರುತ್ತೇವಲ್ಲ, ಆ ಪೆಟ್ಟಿಗೆಯನ್ನೇ ಇವು ಎತ್ತಿಕೊಂಡು ಹೋಗುತ್ತವೆ. ಫಾರ್ಮ್ ತಾನೇ ತುಂಬಿಕೊಳ್ಳಲಿ ಅಂತ ಉಳಿಸಿದ ವಿಳಾಸ, ಫೋನ್ ನಂಬರ್, ಕಾರ್ಡ್ ವಿವರಗಳೂ ಜೊತೆಗೆ ಹೋಗುತ್ತವೆ. ಕೆಲಸಕ್ಕೆ ಕೆಲವು ನಿಮಿಷ ಸಾಕು. ಮುಗಿದ ಮೇಲೆ ಕೆಲವು ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ, ಆಮೇಲೆ ಆಂಟಿವೈರಸ್ ಓಡಿಸಿದರೆ ಎಲ್ಲ ಸರಿಯಾಗಿದೆ ಅಂತಲೇ ತೋರಿಸಬಹುದು.

ಬಾಗಿಲು ತೆಗೆಸುವ ರೀತಿ

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಆಟಗಳ ಚೀಟ್ ಫೈಲ್, ನಕಲಿ ಅಪ್‌ಡೇಟ್, ಇವೆಲ್ಲ ಹಳೆಯ ದಾರಿಗಳು. ಈಚೆಗೆ ಜಾಸ್ತಿ ಓಡುತ್ತಿರುವ ಉಪಾಯ ಇನ್ನೂ ಸರಳ. ಒಂದು ಪುಟ ತೆರೆಯುತ್ತದೆ. 'ನೀವು ರೋಬೋ ಅಲ್ಲ ಅಂತ ಖಚಿತಪಡಿಸಿ' ಅನ್ನುವ, ನಾವು ದಿನಾ ನೋಡುವ ಪೆಟ್ಟಿಗೆಯೇ ಕಾಣುತ್ತದೆ. ಒತ್ತುತ್ತೀರಿ. ಅದು ಮೂರು ಹೆಜ್ಜೆ ಹೇಳಿಕೊಡುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಜೊತೆ ವಿ ಒತ್ತಿ, ಆಮೇಲೆ ಎಂಟರ್. ಇಷ್ಟೇ. ಮೊದಲ ಕ್ಲಿಕ್‌ನಲ್ಲೇ ಆ ಪುಟ ನಿಮ್ಮ ಕ್ಲಿಪ್‌ಬೋರ್ಡಿಗೆ ಒಂದು ಆಜ್ಞೆಯನ್ನು ಸದ್ದಿಲ್ಲದೆ ಕಾಪಿ ಮಾಡಿಟ್ಟಿರುತ್ತದೆ. ಅದನ್ನು ರನ್ ಪೆಟ್ಟಿಗೆಗೆ ಅಂಟಿಸಿ ಓಡಿಸುವವರು ನೀವೇ. ಬೀಗ ಒಡೆಯುವ ಕೆಲಸವೇ ಇಲ್ಲ, ಮನೆಯವರೇ ಚಿಲಕ ತೆಗೆದ ಹಾಗಾಯಿತು. ರೋಬೋ ಅಲ್ಲ ಅಂತ ಪರೀಕ್ಷಿಸುವ ನಿಜವಾದ ಪೆಟ್ಟಿಗೆ, ಅಂದರೆ ಕ್ಯಾಪ್ಚಾ, ಯಾವತ್ತೂ ಕೀಬೋರ್ಡಿನಲ್ಲಿ ಇಂಥ ಕಸರತ್ತು ಮಾಡಿಸುವುದಿಲ್ಲ, ಇಷ್ಟು ನೆನಪಿದ್ದರೆ ಸಾಕು.

ಎಷ್ಟು ಜನ ಹೀಗೆ ಬೀಳುತ್ತಾರೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡೇ ತಿಂಗಳಲ್ಲಿ ಲುಮ್ಮಾ ಒಂದೇ ಪ್ರಪಂಚದಾದ್ಯಂತ 3 ಲಕ್ಷ 94 ಸಾವಿರಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹೊಕ್ಕಿತ್ತು ಅಂತ ಮೈಕ್ರೋಸಾಫ್ಟ್ ಹೇಳಿತು. ಆ ಮೇ ತಿಂಗಳಲ್ಲೇ ಹಲವು ದೇಶಗಳ ಪೊಲೀಸರ ಜೊತೆ ಸೇರಿ ಅದರ ಜಾಲವನ್ನು ಕಿತ್ತೂ ಹಾಕಿತು. ಕೆಲವೇ ವಾರಗಳಲ್ಲಿ ಅದು ಮತ್ತೆ ಚಿಗುರಿತು.

ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕಳವು ಇಲ್ಲಿ ನಡೆಯುತ್ತದೆ. ನೀವು ಒಮ್ಮೆ ಲಾಗಿನ್ ಆದ ಮೇಲೆ ಸೈಟ್ ನಿಮ್ಮ ಬ್ರೌಸರ್‌ಗೆ ಒಂದು ಕುಕೀ ಕೊಡುತ್ತದೆ. ಸಿನಿಮಾ ನಡುವೆ ಹೊರಗೆ ಹೋಗಿ ಬರುವವರ ಕೈಗೆ ಮುದ್ರೆ ಒತ್ತುತ್ತಾರಲ್ಲ, ಹಾಗೆ. ಮುದ್ರೆ ಇದ್ದರೆ ಮತ್ತೆ ಟಿಕೆಟ್ ಕೇಳುವುದಿಲ್ಲ. ಇನ್ಫೋಸ್ಟೀಲರ್ ಆ ಕುಕೀಯನ್ನೂ ಒಯ್ದರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಸುಮ್ನೆ ಒಳಗೆ ಬರುತ್ತಾನೆ. ಕೆಲವು ಸೈಟ್‌ಗಳಲ್ಲಿ ನೀವು ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಹಳೆಯ ಮುದ್ರೆ ನಡೆಯುತ್ತಲೇ ಇರುತ್ತದೆ. ಅದಕ್ಕೇ 'ಎಲ್ಲ ಸಾಧನಗಳಿಂದ ಲಾಗೌಟ್' ಅನ್ನುವ ಆಯ್ಕೆಯನ್ನೂ ಒತ್ತಬೇಕು.

ಇದನ್ನೆಲ್ಲ ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ಸುದ್ದಿ ನೋಡಿ ಹೆದರಿ ಅದೇ ಸೋಂಕಿತ ಕಂಪ್ಯೂಟರ್‌ನಲ್ಲಿ ಕೂತು ಇಪ್ಪತ್ತು ಪಾಸ್‌ವರ್ಡ್ ಬದಲಾಯಿಸಿದರೆ, ಕಳ್ಳನಿಗೆ ಇಪ್ಪತ್ತು ಹೊಸ ಪಾಸ್‌ವರ್ಡ್ ಟೈಪ್ ಮಾಡಿಕೊಟ್ಟ ಹಾಗಾಗುತ್ತದೆ.

ತಪ್ಪು ಯಾರದು?

ಇಲ್ಲಿಂದ ಜಗಳ ಶುರು. ಕಂಪನಿಗಳ ವಾದ: ಜನ ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಇಡುತ್ತಾರೆ, ನಾವೇನು ಮಾಡೋಣ? ಬಳಕೆದಾರರ ಪರ ಇರುವವರು ಕೇಳುವುದು: ನಮ್ಮ ಮಾಹಿತಿಯನ್ನು ಗುಡ್ಡೆ ಹಾಕಿಕೊಂಡವರು ನೀವು, ಕಾಯುವವರು ಯಾರು?

ಇದು ಎದುರಾಬದುರಾ ನಿಂತದ್ದು 23ಆಂಡ್‌ಮಿ ಪ್ರಕರಣದಲ್ಲಿ. ಜೊಲ್ಲು ಕಳಿಸಿದರೆ ಡಿಎನ್‌ಎ ನೋಡಿ ವಂಶದ ಮೂಲ ಹೇಳುವ ಅಮೆರಿಕದ ಕಂಪನಿ ಅದು. 2023ರಲ್ಲಿ ಯಾರೋ ಬೇರೆ ಕಡೆ ಸೋರಿದ್ದ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಅಲ್ಲಿ ಒಂದೊಂದಾಗಿ ಹಾಕಿ ನೋಡಿದರು. ಸುಮಾರು 14,000 ಅಕೌಂಟ್ ತೆರೆದುಕೊಂಡವು. ಆದರೆ ಆ ಸೈಟ್‌ನಲ್ಲಿ ದೂರದ ನೆಂಟರನ್ನು ಹುಡುಕಿಕೊಡುವ ಒಂದು ಸೌಲಭ್ಯ ಇತ್ತು. ಅದರ ಮೂಲಕ ಆ 14,000 ಬಾಗಿಲುಗಳಿಂದಲೇ ಸುಮಾರು 69 ಲಕ್ಷ ಜನರ ವಿವರ ಹೋಯಿತು. ಕಂಪನಿ ತನ್ನ ಉತ್ತರದಲ್ಲಿ ಪಾಸ್‌ವರ್ಡ್ ಮರುಬಳಸಿದ ಗ್ರಾಹಕರ ಕಡೆಗೇ ಬೆರಳು ತೋರಿಸಿತು.

14,000 ಜನರ ಮಟ್ಟಿಗೆ ಆ ಮಾತಿನಲ್ಲಿ ಅರ್ಧ ಸತ್ಯ ಇದೆ, ಒಪ್ಪೋಣ. ಉಳಿದ ಅರವತ್ತೆಂಟು ಲಕ್ಷ ಚಿಲ್ಲರೆ ಜನ ಮಾಡಿದ ತಪ್ಪೇನು? ಅವರ ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಹೋಗುತ್ತಿತ್ತು. ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡ್ ಕೇಳುವ ಎರಡನೇ ಹಂತದ ಪರಿಶೀಲನೆಯನ್ನು ಕಂಪನಿ ಕಡ್ಡಾಯ ಮಾಡಿದ್ದು ಇದೆಲ್ಲ ಆದ ಮೇಲೆ. ಹಾಗಾಗಿ ಈ ಜಗಳದಲ್ಲಿ ತಪ್ಪಿನ ತಕ್ಕಡಿ ಕಂಪನಿಯ ಕಡೆಗೇ ಜಾಸ್ತಿ ವಾಲುತ್ತದೆ. ಒಬ್ಬ ಮನುಷ್ಯ ಮರೆಯುತ್ತಾನೆ, ಸೋಮಾರಿಯಾಗುತ್ತಾನೆ ಅನ್ನುವುದು ಹೊಸ ವಿಷಯವಲ್ಲ, ಅದನ್ನು ಲೆಕ್ಕಕ್ಕೆ ಹಿಡಿದೇ ವ್ಯವಸ್ಥೆ ಕಟ್ಟಬೇಕಲ್ವಾ?

ಬದಲಾಯಿಸಲು ಬಾರದ್ದು ಹೋದಾಗ

ಪಾಸ್‌ವರ್ಡ್ ಹೋದರೆ ಹೊಸದು ಇಟ್ಟುಕೊಳ್ಳಬಹುದು. ಹುಟ್ಟಿದ ದಿನ ಹೋದರೆ? 2017ರಲ್ಲಿ ಅಮೆರಿಕದ ಸಾಲದ ಲೆಕ್ಕ ಇಡುವ ಕಂಪನಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14 ಕೋಟಿ 70 ಲಕ್ಷ ಜನರ ಮಾಹಿತಿ ಹೋಯಿತು. ಹೆಸರು, ಹುಟ್ಟಿದ ದಿನ, ವಿಳಾಸ, ಸೋಶಿಯಲ್ ಸೆಕ್ಯೂರಿಟಿ ನಂಬರ್. ಒಂದು ಸಾಫ್ಟ್‌ವೇರ್ ದೋಷಕ್ಕೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು, ಅವರು ಹಾಕಿರಲಿಲ್ಲ, ಮೇನಲ್ಲಿ ಕಳ್ಳರು ಅದರಲ್ಲೇ ನುಗ್ಗಿದರು. ಆ ಜನರ ಹುಟ್ಟಿದ ದಿನ ಇವತ್ತಿಗೂ ಅದೇ.

ಗುರುತು ಕಳವಿನ ಬೇರು ಇರುವುದು ಇಲ್ಲೇ ಅಂತ ನನ್ನ ಲೆಕ್ಕ. ಗುರುತು ಬೇರೆ, ಗುಟ್ಟು ಬೇರೆ. ಹೆಸರು, ಹುಟ್ಟಿದ ದಿನ, ಫೋನ್ ನಂಬರ್, ಅಮ್ಮನ ತವರಿನ ಹೆಸರು ಇವೆಲ್ಲ ಗುರುತು, ನೂರು ಜನಕ್ಕೆ ಗೊತ್ತಿರುವಂಥವು. ಅವನ್ನೇ ಕೇಳಿ 'ಸರಿಯಾಗಿ ಹೇಳಿದಿರಿ, ಹಾಗಾದರೆ ನೀವೇ ಅವರು' ಅಂತ ಒಳಗೆ ಬಿಡುವ ಪದ್ಧತಿ ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ಪ್ರತಿ ಸೋರಿಕೆಯೂ ಕಳ್ಳರಿಗೆ ಬಂಡವಾಳ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್‌ಗೆ ಒಬ್ಬ ವಿದ್ಯಾರ್ಥಿ ನುಗ್ಗಿದ. ಅವನೇನೂ ದೊಡ್ಡ ಹ್ಯಾಕಿಂಗ್ ಮಾಡಲಿಲ್ಲ. ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದ, ಸೈಟ್ ಹುಟ್ಟಿದ ದಿನ, ಪಿನ್ ಕೋಡ್, ಗಂಡನನ್ನು ಮೊದಲು ಭೇಟಿಯಾದ ಜಾಗ ಕೇಳಿತು, ಇಂಟರ್ನೆಟ್‌ನಲ್ಲಿ ಹುಡುಕಿ ಉತ್ತರ ಬರೆದ.

ಆಗ ಅವರು ದೊಡ್ಡ ವ್ಯಕ್ತಿ ಅಂತ ಅಷ್ಟು ವಿವರ ಹೊರಗಿತ್ತು. ಈಗ ನಮ್ಮೆಲ್ಲರದೂ ಅಷ್ಟೇ ಹೊರಗಿದೆ, ಹುಟ್ಟುಹಬ್ಬದ ಫೋಟೋ, ಶಾಲೆಯ ಗುಂಪು, 'ನಿಮ್ಮ ಮೊದಲ ನಾಯಿಯ ಹೆಸರೇನು' ಅನ್ನುವ ಆಟ. ಅದಕ್ಕೇ ಸೆಕ್ಯೂರಿಟಿ ಪ್ರಶ್ನೆಗೆ ನಿಜ ಹೇಳಲೇಬೇಕು ಅಂತೇನಿಲ್ಲ. ಮೊದಲ ಶಾಲೆ ಯಾವುದು ಅಂದರೆ ತಲೆಬುಡ ಇಲ್ಲದ ನಾಲ್ಕು ಪದ ಬರೆದು, ಅದನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ, ಅಂದರೆ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಆ್ಯಪ್‌ನಲ್ಲಿ, ಇಟ್ಟುಕೊಳ್ಳಿ. ಯಾರಿಗೂ ಮೋಸವಾಗುವುದಿಲ್ಲ.

ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕಾ?

ಬೇಡ. ಈ ಪದ್ಧತಿ ದೊಡ್ಡದಾಗಿ ಹಬ್ಬಿದ್ದು ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್‌ಗಾಗಿ 2003ರಲ್ಲಿ ಬಿಲ್ ಬರ್ ಅನ್ನುವವರು ಬರೆದ ಕೈಪಿಡಿಯಿಂದ. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಆಗಾಗ ಬದಲಾಯಿಸಿ ಅಂತ. ಜನ ಏನು ಮಾಡಿದರು? ಹಳೆಯದರ ಕೊನೆಗೆ ಇದ್ದ 1ನ್ನು 2 ಮಾಡಿದರು. ಕಳ್ಳರ ಪ್ರೋಗ್ರಾಂಗಳೂ ಅದನ್ನೇ ಮೊದಲು ಹಾಕಿ ನೋಡಲು ಕಲಿತವು. 2017ರಲ್ಲಿ ಸ್ವತಃ ಬರ್ ಅವರೇ ತಾವು ಬರೆದದ್ದರ ಬಗ್ಗೆ ಪಶ್ಚಾತ್ತಾಪ ಇದೆ ಅಂದರು, ನಿಸ್ಟ್ ಕೂಡ ಅದೇ ವರ್ಷ ಆ ಸಲಹೆ ಕೈಬಿಟ್ಟಿತು. 2025ರ ಪರಿಷ್ಕೃತ ಮಾರ್ಗಸೂಚಿ ಇನ್ನೂ ಖಡಕ್ಕಾಗಿದೆ. ಸೋರಿಕೆಯ ಸುಳಿವಿಲ್ಲದೆ ಸುಮ್ನೆ ಪಾಸ್‌ವರ್ಡ್ ಬದಲಾಯಿಸಲು ಬಲವಂತ ಮಾಡಬಾರದು, ನಾಯಿಮರಿಯ ಹೆಸರಿನಂಥ ಪ್ರಶ್ನೆ ಕೇಳಬಾರದು, ಪಾಸ್‌ವರ್ಡ್ ಒಂದರ ಮೇಲೇ ನಿಂತಿದ್ದರೆ ಅದು ಕನಿಷ್ಠ 15 ಅಕ್ಷರ ಇರಬೇಕು.

ಇಷ್ಟಾದರೂ ಎಷ್ಟೋ ಕಚೇರಿಗಳು ಇನ್ನೂ 90 ದಿನದ ಗಡುವನ್ನೇ ಹಿಡಿದು ಕೂತಿವೆ. ನಿಯಮ ಬರೆಯುವುದು ಸುಲಭ, ಅಳಿಸುವುದು ಕಷ್ಟ.

ಒಟಿಪಿ ಇದೆಯಲ್ಲ, ಸಾಕಲ್ವಾ?

ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಆದರೆ ಎಸ್ಸೆಮ್ಮೆಸ್ ಒಟಿಪಿ ನಿಂತಿರುವುದು ನಿಮ್ಮ ಸಿಮ್ ಮೇಲೆ, ಸಿಮ್ ನಿಂತಿರುವುದು ಫೋನ್ ಕಂಪನಿಯ ಸಿಬ್ಬಂದಿಯ ಎಚ್ಚರದ ಮೇಲೆ. 2024ರ ಜನವರಿಯಲ್ಲಿ ಅಮೆರಿಕದ ಷೇರುಪೇಟೆಯ ಕಾವಲು ಸಂಸ್ಥೆ ಎಸ್‌ಇಸಿಯ ಎಕ್ಸ್ ಖಾತೆಯಿಂದಲೇ ಬಿಟ್‌ಕಾಯಿನ್ ಬಗ್ಗೆ ಸುಳ್ಳು ಪ್ರಕಟಣೆ ಬಂತು, ಬೆಲೆ ಒಮ್ಮೆ ಏರಿ ಇಳಿಯಿತು. ಆ ಖಾತೆಗೆ ಜೋಡಿಸಿದ್ದ ಫೋನ್ ನಂಬರನ್ನು ಕಳ್ಳರು ತಮ್ಮ ಸಿಮ್‌ಗೆ ಹಾಕಿಸಿಕೊಂಡು, ಪಾಸ್‌ವರ್ಡನ್ನು ಹೊಸದಾಗಿ ಇಟ್ಟಿದ್ದರು. ಎರಡನೇ ಹಂತದ ಪರಿಶೀಲನೆ ಆ ಖಾತೆಯಲ್ಲಿ ಆರು ತಿಂಗಳಿಂದ ಬಂದ್ ಆಗಿತ್ತು. ಊರಿಗೆಲ್ಲ ಸೈಬರ್ ನಿಯಮ ಹೇಳುವ ಸಂಸ್ಥೆಯ ಕಥೆ ಇದು!

ಇದಕ್ಕೆ ಉತ್ತರ ಅಂತ ಈಗ ಪಾಸ್‌ಕೀ ಬಂದಿದೆ, ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಕೀಲಿ ಅದು. 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಒಟ್ಟಿಗೆ ಇದರ ಬೆನ್ನಿಗೆ ನಿಂತವು. ಇದರಲ್ಲಿ ಗುಟ್ಟಿನ ಕೀಲಿ ಸೈಟಿನ ಕೈಗೆ ಹೋಗುವುದೇ ಇಲ್ಲ, ನಿಮ್ಮ ಕಡೆಯೇ ಉಳಿಯುತ್ತದೆ. ಸೈಟ್ ಹತ್ತಿರ ಇರುವುದು ಆ ಕೀಲಿಯನ್ನು ಪರೀಕ್ಷಿಸುವ ಬೀಗ ಮಾತ್ರ, ಅದನ್ನು ಕದ್ದು ಪ್ರಯೋಜನವಿಲ್ಲ. ಕೀಲಿ ಒಂದೇ ವಿಳಾಸಕ್ಕೆ ಕಟ್ಟಿರುವುದರಿಂದ ಒಂದಕ್ಷರ ಬೇರೆ ಇರುವ ನಕಲಿ ಸೈಟ್‌ಗೆ ಅದು ಉತ್ತರವನ್ನೇ ಕೊಡುವುದಿಲ್ಲ. ನಮ್ಮ ಕಣ್ಣು ಮೋಸಹೋದರೂ ಅದು ಹೋಗುವುದಿಲ್ಲ.

ವಿರೋಧಿಸುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಫೋನ್ ಕಳೆದರೆ? ಒಂದು ಕಂಪನಿಯ ಫೋನ್ ಬಿಟ್ಟು ಇನ್ನೊಂದಕ್ಕೆ ಹೋದರೆ? ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಕಡೆ ಏನು ಗತಿ? ಇದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದು. ಎಷ್ಟೋ ಸೈಟ್‌ಗಳು ಮುಂಬಾಗಿಲಿಗೆ ಪಾಸ್‌ಕೀ ಹಾಕಿ, ಹಿತ್ತಲಲ್ಲಿ 'ಲಾಗಿನ್ ಆಗುತ್ತಿಲ್ಲವೇ? ಎಸ್ಸೆಮ್ಮೆಸ್ ಕಳಿಸುತ್ತೇವೆ' ಅನ್ನುವ ಹಳೇ ಬಾಗಿಲನ್ನು ಹಾಗೇ ಇಟ್ಟಿವೆ. ಕಳ್ಳ ಬರುವುದು ಹಿತ್ತಲಿಂದಲೇ.

ಕೈಹಾಕಬೇಕಾದ ಕ್ರಮ

ಎಲ್ಲವನ್ನೂ ಒಂದೇ ದಿನ ಮಾಡಲು ಹೋದರೆ ಯಾವುದೂ ಆಗುವುದಿಲ್ಲ. ಮೊದಲು ಸಾಧನ. ಅನುಮಾನದ ಫೈಲ್ ಓಡಿಸಿದ ನೆನಪಿದ್ದರೆ ಆ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿ, ಅಲ್ಲಿಯವರೆಗೆ ಬೇರೆ ಸಾಧನದಿಂದ ಕೆಲಸ ಮಾಡಿ. ಎರಡನೆಯದು ಇಮೇಲ್, ಯಾಕೆಂದರೆ ಉಳಿದ ಎಲ್ಲ ಅಕೌಂಟ್‌ಗಳ 'ಪಾಸ್‌ವರ್ಡ್ ಮರೆತೆ' ಲಿಂಕ್ ಬಂದು ಬೀಳುವುದು ಅಲ್ಲಿಗೇ. ಅದೊಂದು ಹೋದರೆ ಮನೆಯ ಕೀಲಿ ಗೊಂಚಲೇ ಹೋದಂತೆ. ಬೇರೆಲ್ಲೂ ಬಳಸದ ಉದ್ದ ಪಾಸ್‌ವರ್ಡ್ ಇಡಿ, ಪಾಸ್‌ಕೀ ಅಥವಾ ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎರಡು ಜಾಗ ನೋಡಿ: ಮರುಪಡೆಯಲು ಕೊಟ್ಟಿರುವ ಇಮೇಲ್ ಮತ್ತು ನಂಬರ್ ನಿಮ್ಮದೇ ಹೌದಾ, ಗುರುತಿಲ್ಲದ ವಿಳಾಸಕ್ಕೆ ಮೇಲ್ ಫಾರ್ವರ್ಡ್ ಆಗುತ್ತಿದೆಯಾ. ಒಳಗೆ ಬಂದ ಕಳ್ಳರು ಈ ಫಾರ್ವರ್ಡ್ ನಿಯಮ ಇಟ್ಟು ಹೋಗುವುದುಂಟು, ಪಾಸ್‌ವರ್ಡ್ ಬದಲಾದರೂ ಅದು ಓಡುತ್ತಲೇ ಇರುತ್ತದೆ.

ಬ್ಯಾಂಕ್ ಮೂರನೆಯದು. ಉಳಿದವನ್ನು ನೆನಪಾದಾಗ ಒಂದೊಂದೇ ಮಾಡಿದರೂ ನಡೆಯುತ್ತದೆ.

ನಿಮ್ಮ ಪಾಸ್‌ವರ್ಡ್ ಸೋರಿದೆಯಾ ಅಂತ ನೋಡಲು ಟ್ರಾಯ್ ಹಂಟ್ ಅವರ ತಾಣ ನೆರವಾಗುತ್ತದೆ. ಪಾಸ್‌ವರ್ಡನ್ನೇ ಅಲ್ಲಿ ಬರೆಯುವುದು ಅಪಾಯ ಅಲ್ವಾ ಅಂತ ಕೇಳುವವರಿದ್ದಾರೆ, ಕೇಳಬೇಕಾದ್ದೇ. ಅಲ್ಲಿ ಪಾಸ್‌ವರ್ಡ್ ನಿಮ್ಮ ಬ್ರೌಸರ್‌ನಲ್ಲೇ ಅರೆದು, ಬಂದ ಹಿಟ್ಟಿನ ಮೊದಲ ಐದು ಅಕ್ಷರ ಮಾತ್ರ ಹೊರಗೆ ಹೋಗುತ್ತದೆ. ಆ ಐದರಿಂದ ಶುರುವಾಗುವ, ಸೋರಿದ ಪಾಸ್‌ವರ್ಡ್‌ಗಳ ನೂರಾರು ಹಿಟ್ಟುಗಳು ವಾಪಸ್ ಬರುತ್ತವೆ, ಹೋಲಿಸುವುದು ನಿಮ್ಮ ಯಂತ್ರವೇ. ಇದೇ ಕೆಲಸ ಮಾಡಿಕೊಡುತ್ತೇವೆ ಅನ್ನುವ ಇತರ ಸೈಟ್‌ಗಳನ್ನೆಲ್ಲ ಹೀಗೇ ನಂಬಬೇಡಿ, ಸೋರಿಕೆಯ ಸುದ್ದಿ ಬಂದ ವಾರದಲ್ಲಿ ನಕಲಿಗಳೂ ಹುಟ್ಟಿಕೊಳ್ಳುತ್ತವೆ.

ಇನ್ನು ಮುಂದೆ

ಪಾಸ್‌ವರ್ಡ್ ಕದಿಯುವುದು ಕಷ್ಟವಾದಷ್ಟೂ ಕಳ್ಳರು ಗುರುತಿನ ಚೀಟಿಯ ಕಡೆ ತಿರುಗುತ್ತಾರೆ. ಅದೇ ಹೊತ್ತಿಗೆ ಹಲವು ದೇಶಗಳಲ್ಲಿ ವಯಸ್ಸು ಸಾಬೀತು ಮಾಡಿ ಅನ್ನುವ ಕಾನೂನುಗಳು ಬರುತ್ತಿವೆ. ಮಕ್ಕಳ ರಕ್ಷಣೆಗೆ ಇದು ಬೇಕು ಅನ್ನುವವರ ಕಾಳಜಿ ನಿಜವಾದದ್ದೇ. ಆದರೆ ವಯಸ್ಸು ನೋಡಲು ತರಿಸಿಕೊಂಡ ಚೀಟಿಯ ಫೋಟೋ ಎಲ್ಲೋ ಉಳಿದುಕೊಳ್ಳುತ್ತದೆ. 2025ರ ಅಕ್ಟೋಬರ್‌ನಲ್ಲಿ ಹರಟೆಯ ಆ್ಯಪ್ ನಡೆಸುವ ಡಿಸ್ಕಾರ್ಡ್ ಕಂಪನಿ, ತನ್ನ ಗ್ರಾಹಕ ಸೇವೆ ನೋಡಿಕೊಳ್ಳುತ್ತಿದ್ದ ಹೊರಗಿನ ಸಂಸ್ಥೆಯ ಕಡೆಯಿಂದ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತಿನ ಚೀಟಿಯ ಫೋಟೋಗಳು ಹೊರಗೆ ಹೋಗಿರಬಹುದು ಅಂತ ತಿಳಿಸಿತು. ತಮಗೆ ಬೇಕಾದಷ್ಟು ವಯಸ್ಸಾಗಿದೆ ಅಂತ ತೋರಿಸಲು ಬಳಕೆದಾರರು ಕಳಿಸಿದ ಚೀಟಿಗಳೂ ಅದರಲ್ಲಿದ್ದವು.

ಚೀಟಿಯ ಪ್ರತಿ ಕೊಡಲೇಬೇಕಾದಾಗ ಅದರ ಮೇಲೆ ಅಡ್ಡಲಾಗಿ ಯಾರಿಗೆ, ಯಾವುದಕ್ಕೆ, ಯಾವ ದಿನ ಕೊಟ್ಟದ್ದು ಅಂತ ಬರೆದು ಕೊಡುವುದು ಸಣ್ಣ ತಡೆ, ಬೇರೆ ಕಡೆ ಬಳಸಲು ಹೋದವನಿಗೆ ಕಿರಿಕಿರಿ ಆಗುವಷ್ಟು. ಅದಕ್ಕಿಂತ ಜಾಸ್ತಿ ನಮ್ಮ ಕೈಯಲ್ಲಿ ಇಲ್ಲ. ಯಾಕೆಂದರೆ ಅಕೌಂಟ್ ಕಳೆದುಕೊಂಡವರು 'ಅದು ನಾನೇ, ವಾಪಸ್ ಕೊಡಿ' ಅಂತ ಕಂಪನಿಗೆ ಬರೆದಾಗ, ಎಷ್ಟೋ ಸಲ ಬರುವ ಮೊದಲ ಉತ್ತರ ಗುರುತಿನ ಚೀಟಿಯ ಫೋಟೋ ಕಳಿಸಿ ಅಂತ. ಆ ಫೋಟೋ ಕಳ್ಳನ ಹತ್ತಿರವೂ ಇರಬಹುದು.